ಚಂದ್ರಾವತಿಯ ಶನಿವಾರಗಳು

ಚಂದ್ರಾವತಿಯವರ ಪುಸ್ತಕದಲ್ಲಿ ನಾಲ್ಕು ತಿಂಗಳಲ್ಲಿ ಒಮ್ಮೆಯೂ ಗಂಜಿ ಎಂಬ ಪದ ಬರಲಿಲ್ಲ. ಅದನ್ನು ನೋಡಿ ನಾನು ಸಂತೋಷಪಟ್ಟಿದ್ದೆ. ಬಸ್ರೂರಿನ ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು ನಾಲ್ಕು ತಿಂಗಳು ಗಂಜಿ ಮುಟ್ಟಲಿಲ್ಲ ಎಂದರೆ ಅನುಮಾನ ಬರಬೇಕಿತ್ತು. ನನಗೆ ಬಂದದ್ದು ಸಂತೋಷ.

ಅದು ನೂರು ಪುಟದ ಶಾಲೆಯ ನೋಟ್‌ಪುಸ್ತಕ. ದಿನಕ್ಕೆ ಏನೇನು ತಿಂದೆ ಎಂದು ಅದರಲ್ಲಿ ಬರೆದು ತರಬೇಕೆಂದು ನಾನೇ ಹೇಳಿದ್ದೆ. ಅವರು ಹೇಳುತ್ತಿದ್ದರು, ಕಾಲೇಜಿಗೆ ಹೋಗುವ ಮಗಳು ಪ್ರಣೀತಾ ದುಂಡಗಿನ ಅಕ್ಷರದಲ್ಲಿ ಬರೆಯುತ್ತಿದ್ದಳು. ಬೆಳಿಗ್ಗೆ ಓಟ್ಸ್ ಒಂದು ಬಟ್ಟಲು, ಹಣ್ಣು ಒಂದು. ಮಧ್ಯಾಹ್ನ ಚಪಾತಿ ಎರಡು, ಪಲ್ಯ. ರಾತ್ರಿ ತರಕಾರಿ ಸೂಪು, ಚಪಾತಿ ಒಂದು. ಪ್ರತಿ ಪುಟವೂ ನಾನು ಕೊಟ್ಟ ಹಾಳೆಯ ನಕಲಿನಂತೆ ಇತ್ತು. ನಾನು ಕೆಳಗೆ ಕೆಂಪು ಶಾಯಿಯಲ್ಲಿ ‘ತುಂಬ ಒಳ್ಳೆಯದು’ ಎಂದು ಬರೆಯುತ್ತಿದ್ದೆ.

ನಾನು ಕುಂದಾಪುರದ ಒಂದು ಕ್ಲಿನಿಕ್‌ನಲ್ಲಿ ವಾರಕ್ಕೆ ಮೂರು ದಿನ, ಮಂಗಳವಾರ, ಗುರುವಾರ, ಶನಿವಾರ, ಆಹಾರದ ಸಲಹೆ ಕೊಡುವ ಕೆಲಸ ಮಾಡುತ್ತೇನೆ. ಸಕ್ಕರೆ ಕಾಯಿಲೆಯವರು ಮೊದಲು ಡಾಕ್ಟರನ್ನು ಕಂಡು ಆಮೇಲೆ ನನ್ನ ಮೇಜಿಗೆ ಬರುತ್ತಾರೆ. ಚಂದ್ರಾವತಿಯವರು ಬಂದದ್ದೂ ಹಾಗೆಯೇ. ಆಗ ಎಪ್ಪತ್ತೆಂಟು ಕಿಲೋ ಇದ್ದರು. ನನಗಿಂತ ಹತ್ತು ವರ್ಷವಾದರೂ ದೊಡ್ಡವರು, ಆದರೆ ಕೂತ ಕೂಡಲೇ ನನ್ನನ್ನು ಅಕ್ಕ ಎಂದರು. ಗೇರುಬೀಜದ ಸಿಪ್ಪೆ ಸುಲಿದು ಸುಲಿದು ಅವರ ಬೆರಳ ತುದಿಗಳು ಕಪ್ಪಾಗಿದ್ದವು. ಅವನ್ನು ಸೀರೆಯ ಸೆರಗಿನಲ್ಲಿ ಮುಚ್ಚಿಕೊಂಡಿದ್ದರು.

“ಬೆಳಿಗ್ಗೆ ಏನು ತಿನ್ನುತ್ತೀರಿ?” ಎಂದು ಕೇಳಿದೆ.

“ಗಂಜಿ ಉಂಬುದ್.”

“ಮಧ್ಯಾಹ್ನ?”

“ಬುತ್ತಿ ತಕಂಡ್ ಹೋಪುದ್. ಅನ್ನ, ಮೀನ್ ಸಾರ್.”

“ರಾತ್ರಿ?”

“ರಾತ್ರಿಗೂ ಗಂಜಿಯೇ. ಮತ್ತೆಂತ ಉಂಬುದ್?” ಎಂದು ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. “ಎಂತ ಅಕ್ಕ, ಗಂಜಿ ಉಂಬುಕಾಗ್ದಾ?”

ಆಗ ನಾನು ಯಾವ ಮುಖ ಮಾಡಿದ್ದೆ ಎಂದು ನನಗೆ ಗೊತ್ತಿದೆ. ತುಟಿ ಬಿಗಿದು, ಹುಬ್ಬು ಸ್ವಲ್ಪ ಎತ್ತಿ, ಮಕ್ಕಳ ಮಗ್ಗಿ ತಪ್ಪಿದಾಗ ಟೀಚರು ಮಾಡುವ ಮುಖ. ಮೇಜಿನಿಂದ ಒಂದು ಹಾಳೆ ತೆಗೆದೆ. ಬೆಂಗಳೂರಿನಲ್ಲಿ ಆರು ತಿಂಗಳ ಕೋರ್ಸ್ ಮಾಡಿದಾಗ ಸಿಕ್ಕಿದ ಹಾಳೆ ಅದು, ನೂರಾರು ಪ್ರತಿ ಮಾಡಿಸಿ ಇಟ್ಟುಕೊಂಡಿದ್ದೆ. ತಿನ್ನಬಹುದಾದದ್ದು ಒಂದು ಕಡೆ, ತಿನ್ನಬಾರದ್ದು ಇನ್ನೊಂದು ಕಡೆ. ತಿನ್ನಬಾರದ್ದರಲ್ಲಿ ಬೆಲ್ಲ ಇತ್ತು, ಬೇಕರಿ ತಿಂಡಿ ಇತ್ತು. ಗಂಜಿ ಇರಲಿಲ್ಲ, ಅದನ್ನು ಅಚ್ಚು ಹಾಕಿಸಿದವರಿಗೆ ಗಂಜಿಯ ನೆನಪೇ ಬಂದಿರಲಾರದು. ನಾನು ಕೆಂಪು ಪೆನ್ನಿನಲ್ಲಿ ‘ಕುಚ್ಚಲಕ್ಕಿ ಗಂಜಿ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಇಡೀ ಹಾಳೆಯಲ್ಲಿ ಚಂದ್ರಾವತಿಯವರಿಗೆಂದೇ ಬರೆದದ್ದು ಅದೊಂದು.

ವಯಸ್ಸು, ಎತ್ತರ, ತೂಕ, ಸಸ್ಯಾಹಾರಿಯೋ ಅಲ್ಲವೋ, ಎಲ್ಲ ಕೇಳಿದೆ. ಯಾವ ವಾರ ಉಣ್ಣುವುದಿಲ್ಲ ಎಂದು ಕೇಳಲಿಲ್ಲ. ನನ್ನ ಅಮ್ಮ ಸಂಕ್ರಾಂತಿಯ ದಿನ ಒಪ್ಪತ್ತು ಮಾಡುತ್ತಿದ್ದರು, ದಿನಕ್ಕೆ ಒಂದೇ ಹೊತ್ತಿನ ಊಟ. ಅತ್ತೆ ಸೋಮವಾರ ಮಾಡುತ್ತಾರೆ. ಇದೇ ಊರಿನಲ್ಲಿ ಹುಟ್ಟಿ ಬೆಳೆದವಳಿಗೆ ಅದನ್ನು ಕೇಳಬೇಕೆಂದು ಹೊಳೆಯಲಿಲ್ಲ. ಫಾರ್ಮಿನಲ್ಲಿ ಆ ಪ್ರಶ್ನೆಗೆ ಜಾಗ ಇರಲಿಲ್ಲ ಅಷ್ಟೆ.

ಇನ್ನೊಂದು ವಿಷಯವನ್ನೂ ಇಲ್ಲಿಯೇ ಹೇಳಿಬಿಡಬೇಕು. ಆ ಹಾಳೆಯ ಪ್ರಕಾರ ನಾನೂ ತಿಂದು ನೋಡಿದ್ದೆ, ಹತ್ತೊಂಬತ್ತು ದಿನ. ಇಪ್ಪತ್ತನೆಯ ದಿನ ಬೆಳಿಗ್ಗೆ ಓಟ್ಸಿನ ಪಾತ್ರೆಯ ಎದುರು ನಿಂತು ಅಳು ಬಂತು. ಅತ್ತೆ ಒಂದು ಬಟ್ಟಲು ಗಂಜಿ, ಪಕ್ಕದಲ್ಲಿ ಮಿಡಿ ಉಪ್ಪಿನಕಾಯಿ ತಂದಿಟ್ಟು ಹೋದರು. ಅಂದಿನಿಂದ ನನ್ನ ಬೆಳಗಿನ ಊಟ ಗಂಜಿಯೇ. ಅಡುಗೆಮನೆಯಲ್ಲಿ ನಿಂತುಕೊಂಡು, ಎದುರು ಬಾಗಿಲಿಗೆ ಬೆನ್ನು ಹಾಕಿ ಉಣ್ಣುತ್ತೇನೆ, ಯಾರಾದರೂ ಬಂದರೆ ಕಾಣದ ಹಾಗೆ. ಕ್ಲಿನಿಕ್‌ನಲ್ಲಿ ಯಾರಾದರೂ “ನೀವೂ ಇದನ್ನೇ ತಿಂತ್ರಾ?” ಎಂದು ಕೇಳಿದರೆ ಹೌದು ಎನ್ನುತ್ತಿದ್ದೆ.

ಚಂದ್ರಾವತಿಯವರು ತಿಂಗಳಿಗೊಮ್ಮೆ, ಶನಿವಾರ ಹನ್ನೊಂದು ಗಂಟೆಗೆ ಬರುತ್ತಿದ್ದರು. ಆ ದಿನ ಕಾರ್ಖಾನೆಯಲ್ಲಿ ಬೇಗ ಬಿಡುವು ಕೇಳಿದರೆ ಕೊಡುತ್ತಿದ್ದರಂತೆ. ಮೊದಲ ತಿಂಗಳು ಅವರ ಮೇಲ್ದುಟಿಯಲ್ಲಿ ಬೆವರು ಕಂಡೆ, ಫ್ಯಾನ್ ತಿರುಗುತ್ತಿತ್ತು. ಎರಡನೆಯ ತಿಂಗಳು ರುಜು ಹಾಕುವಾಗ ಪೆನ್ನು ನಡುಗಿತು. ಮೂರನೆಯ ತಿಂಗಳು ತೂಕದ ಯಂತ್ರದಿಂದ ಇಳಿಯುವಾಗ ಗೋಡೆ ಹಿಡಿದುಕೊಂಡರು. ನನಗೆ ಎಲ್ಲ ಕಾಣುತ್ತದೆ. ಬೀಗ ಹಾಕಿದ ಬಾಗಿಲನ್ನು ಎರಡು ಸಲ ಎಳೆದು ನೋಡುವವಳು ನಾನು. ಬಸ್ಸಿನ ನೂಕುನುಗ್ಗಲು, ಮಹಡಿಯ ಮೆಟ್ಟಿಲು ಎಂದು ಪ್ರತಿ ಸಲವೂ ಒಂದು ಕಾರಣ ಹುಡುಕಿಕೊಂಡೆ. ತೂಕ ಇಳಿಯುತ್ತಿತ್ತು. ಸಕ್ಕರೆಯೂ ಇಳಿದಿತ್ತು. ಅರವತ್ತೇಳು ಎಂದು ಯಂತ್ರ ತೋರಿಸಿದ ದಿನ ನಾನು ಅವರ ಕೈ ಹಿಡಿದು ಅಭಿನಂದಿಸಿದೆ. ಕೈ ತಣ್ಣಗಿತ್ತು.

ಡಾಕ್ಟರು ಬಸ್ರೂರಿನಲ್ಲಿ ಒಂದು ಭಾನುವಾರ ಶಿಬಿರ ಇಡೋಣ ಎಂದರು. ಅದು ಚೆನ್ನಾಗಿ ಆದರೆ ಬೈಂದೂರು, ಬ್ರಹ್ಮಾವರದಲ್ಲೂ ಮಾಡುವುದು, ಎಲ್ಲದರ ಜವಾಬ್ದಾರಿ ನನಗೆ. ಚಂದ್ರಾವತಿಯವರನ್ನೇ ಎದುರು ನಿಲ್ಲಿಸೋಣ ಎಂದವಳು ನಾನು. ಮೊದಲಿನ ಫೋಟೊ, ಈಗಿನ ಫೋಟೊ ಪಕ್ಕಪಕ್ಕ ಹಾಕಿ ಫ್ಲೆಕ್ಸ್ ಮಾಡಿಸಿದೆವು. ಹಸಿರು ಸೀರೆ, ಸಡಿಲ ಕುಪ್ಪಸ. ‘ನಾಲ್ಕು ತಿಂಗಳು, ಹನ್ನೊಂದು ಕಿಲೋ’ ಎಂದು ಮೇಲೆ ದಪ್ಪಕ್ಷರ. ಪುಸ್ತಕವನ್ನೂ ತೋರಿಸಲೆಂದು ಇಸಿದುಕೊಂಡಿದ್ದೆ.

ಶಿಬಿರದ ಹಿಂದಿನ ದಿನ, ಶನಿವಾರ ಬೆಳಿಗ್ಗೆ, ನಾನು ಎಂದಿನಂತೆ ಅಡುಗೆಮನೆಯಲ್ಲಿ ನಿಂತು ಗಂಜಿ ಉಣ್ಣುತ್ತಿದ್ದೆ. ಅಂದು ಒಣ ಸಿಗಡಿಯ ಚಟ್ನಿ ಇತ್ತು. ನಮ್ಮ ಮನೆ ಕುಂಭಾಶಿಯಲ್ಲಿ, ಆನೆಗುಡ್ಡೆ ಗಣಪತಿ ದೇವಸ್ಥಾನದಿಂದ ಹತ್ತು ನಿಮಿಷದ ನಡಿಗೆ.

“ಹ್ವಾಯ್, ಯಾರಿದ್ರಿ ಒಳ್ಗೆ?”

ದನಿ ಹಿತ್ತಿಲ ಕಡೆಯಿಂದ ಬಂತು. ಎದುರು ಬಾಗಿಲಿಗೆ ಬೆನ್ನು ಹಾಕಿದವಳು ಹಿತ್ತಿಲ ಬಾಗಿಲಿಗೆ ಮುಖ ಕೊಟ್ಟು ನಿಂತಿದ್ದೆ. ಚಂದ್ರಾವತಿಯವರು ಹೊಸಿಲಿನಲ್ಲಿದ್ದರು, ಕೈಯಲ್ಲಿ ಎರಡು ಸೌತೆಕಾಯಿ, ಹಣೆಯಲ್ಲಿ ದೇವಸ್ಥಾನದ ಗಂಧ. ನನ್ನ ಕೈಯಲ್ಲಿ ಬಟ್ಟಲು, ಬೆರಳಲ್ಲಿ ಚಟ್ನಿ.

“ಇದು ಅತ್ತೆಯದ್ದು,” ಎಂದೆ.

ಅವರು ಏನೂ ಕೇಳಿರಲಿಲ್ಲ. ಅಷ್ಟರಲ್ಲಿ ಬಾವಿಕಟ್ಟೆಯ ಹತ್ತಿರ ಬಟ್ಟೆ ಹಿಂಡುತ್ತಿದ್ದ ಅತ್ತೆ ಅಮ್ಮಣ್ಣಿಯವರು ಅಲ್ಲಿಂದಲೇ ಕೂಗಿ ಹೇಳಿದರು:

“ನಂದ್ ಆರ್ ಗಂಟೆಗೇ ಉಂಡಾಯ್ತ್! ಊರಿಗೆಲ್ಲ ಗಂಜಿ ಬ್ಯಾಡ ಅಂಬುದ್, ಮನೆಯಂಗೆ ಸೌಟ್ ಲೆಕ್ಕವೇ ಇಲ್ಲೆ!”

ಚಂದ್ರಾವತಿಯವರು ನನ್ನನ್ನು ನೋಡಲಿಲ್ಲ. ಬಟ್ಟಲನ್ನು ನೋಡಿದರು. ಅವರ ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗೆ ಇಳಿದದ್ದು ಕಾಣಿಸಿತು. ಒಂದು ಮಾತು ಚುಚ್ಚಿ ಆಡುತ್ತಾರೆಂದು ಕಾದೆ. ಆಡಿದ್ದರೆ ಹಗುರಾಗುತ್ತಿತ್ತು. ಅವರು ನನ್ನ ಪರವಾಗಿ ತಾವೇ ನಾಚಿಕೊಂಡವರಂತೆ ಸೌತೆಕಾಯಿಯನ್ನು ಕಟ್ಟೆಯ ಮೇಲಿಟ್ಟು, “ಚಟ್ಲಿ ಚಟ್ನಿ ಪರಿಮಳ ಗೇಟಿಗೇ ಬತ್ತಿತ್ತ್,” ಎಂದರು. “ನಾಳೆ ಅಷ್ಟ್ ಜನದ ಎದ್ರ್ ಮಾತಾಡ್ಕ್ ಅಲ್ದಾ, ಹೆದ್ರಿಕೆ. ಗಣಪತಿಗೆ ಒಂದ್ ಹಣ್ಕಾಯಿ ಮಾಡ್ಸ್ಕಂಡ್ ಬಂದೆ.”

ಅತ್ತೆ ಕೈ ಒರೆಸಿಕೊಳ್ಳುತ್ತ ಬಂದರು. “ಕೂಕೊ ಮಾರಾಯ್ತಿ. ಒಂದ್ ಬಟ್ಲ್ ಗಂಜಿ ಉಂಡ್ಕಂಡ್ ಹೋಗ್. ಇವ್ಳ್ ಬೈದ್ರೆ ನಾನ್ ಇದ್ದೆ.”

“ಬ್ಯಾಡ ಅಮ್ಮ, ಇವತ್ತ್ ಶನಿವಾರ. ನಂದ್ ಒಪ್ಪತ್ತ್. ಮಧ್ಯಾಹ್ನದೊರೆಗೆ ನೀರ್ ಬಿಟ್ರೆ ಎಂತದೂ ಇಲ್ಲೆ.”

“ಎಷ್ಟ್ ಸಮಯದಿಂದ?”

“ಹನ್ನೊಂದ್ ವರ್ಷ. ನಮ್ಮನೆಯವ್ರ್ ಮೀನಿಗ್ ಹೋದ ದೋಣಿ ಮೂರ್ ದಿನ ಬರ್ಲಿಲ್ಲೆ. ಬಂದ್ರೆ ಜೀವ ಇಪ್ಪಲ್ಲಿವರೆಗೆ ಶನಿವಾರ ಮಾಡ್ತೆ ಅಂದ್ ಹೇಳ್ಕಂಡೆ. ಬಂದ್ರ್.” ಸಣ್ಣಗೆ ನಕ್ಕರು. “ಬಂದ್ ಕೂತ್ಕಂಡ್ ಮೀನ್ ಸಾರಿಗ್ ಉಪ್ಪ್ ಕಮ್ಮಿ ಅಂದ್ರ್.”

ಅತ್ತೆ ನಗಲಿಲ್ಲ. “ಸಕ್ರಿ ಕಾಯ್ಲೆ ಅಲ್ದಾ ನಿಂದ್? ಗುಳ್ಗೆ?”

“ಅದ್ ಒಂದಿನ ತಪ್ಸಿಲ್ಲೆ ಅಮ್ಮ. ಏಳ್ ಗಂಟೆಗೆ ತಕಂಡೆ. ಚೀಟಿಯಂಗ್ ಬರ್ದಿತ್ತಲೆ.”

ಅತ್ತೆ ನನ್ನ ಕಡೆ ತಿರುಗಿದರು. ಅವರು ಏಳನೆಯ ತರಗತಿಯವರೆಗೆ ಓದಿದವರು. ಗುಳಿಗೆ ನುಂಗಿ ಹೊಟ್ಟೆ ಖಾಲಿ ಬಿಟ್ಟರೆ ಏನಾಗುತ್ತದೆ ಎಂದು ಅವರಿಗೆ ಹೊಳೆದಿತ್ತು. ನನಗೆ ಹೊಳೆಯಲು ಅವರಷ್ಟೂ ಹೊತ್ತು ಬೇಕಾಗಲಿಲ್ಲ. ನಾಲ್ಕು ತಿಂಗಳ ಶನಿವಾರಗಳು ಸಾಲಾಗಿ ಕಣ್ಣಮುಂದೆ ಬಂದವು: ಬೆವರು, ಪೆನ್ನು, ಗೋಡೆ, ತಣ್ಣನೆಯ ಕೈ. ಮೊದಲು ಶುಕ್ರವಾರ ರಾತ್ರಿ ಹೊಟ್ಟೆ ತುಂಬ ಗಂಜಿ ಉಂಡು ಶನಿವಾರ ಮಧ್ಯಾಹ್ನದವರೆಗೆ ತಡೆಯುತ್ತಿದ್ದರು, ಆಗ ಗುಳಿಗೆಯೂ ಇರಲಿಲ್ಲ. ಈಗ ಗುಳಿಗೆ ಬಂದಿತ್ತು, ಗಂಜಿ ಹೋಗಿತ್ತು. ಪುಸ್ತಕದಲ್ಲಿ ಪ್ರತಿ ಶನಿವಾರವೂ ಓಟ್ಸ್ ಒಂದು ಬಟ್ಟಲು.

ಹೇಳಬೇಕಾದದ್ದು ಮೂರು ಮಾತು. ಕೂತುಕೊಳ್ಳಿ. ಈಗಲೇ ಏನಾದರೂ ತಿನ್ನಿ. ನಾನು ಡಾಕ್ಟರಿಗೆ ಫೋನ್ ಮಾಡುತ್ತೇನೆ. ಮೂರೂ ನಾಲಗೆಯ ಮೇಲಿದ್ದವು. ಆದರೆ ಡಾಕ್ಟರು ಮೊದಲು ಕೇಳುವುದು, ನಾಲ್ಕು ತಿಂಗಳು ನೀವು ಏನು ನೋಡುತ್ತಿದ್ದಿರಿ ಎಂದು. ಫ್ಲೆಕ್ಸ್ ಆಗಲೇ ಬಸ್ರೂರಿಗೆ ಹೋಗಿತ್ತು.

ಚಂದ್ರಾವತಿಯವರು ಚೀಲದಿಂದ ಬಾಳೆಲೆಯ ಸಣ್ಣ ಪೊಟ್ಟಣ ತೆಗೆದು ನನ್ನ ಕೈಗೆ ಕೊಟ್ಟರು. ಪಂಚಕಜ್ಜಾಯ. “ಪ್ರಸಾದ. ನೀವ್ ತಿನ್ನಿ. ನಂಗೆ ಬೆಲ್ಲ ಆತಿಲ್ಲೆ ಅಲ್ದಾ, ಬ್ಯಾಡ ಅಂಬುದ್ರಂಗೆ ಬರ್ದಿತ್ತ್.”

ದೇವರ ಪ್ರಸಾದವನ್ನೂ ಬಾಯಿಗೆ ಹಾಕಿಕೊಂಡಿರಲಿಲ್ಲ, ನನ್ನ ಹಾಳೆಗಾಗಿ.

“ನಾಳೆ ಹಸಿರು ಸೀರೆ ಉಟ್ಟು ಬನ್ನಿ,” ಎಂದೆ. “ಫ್ಲೆಕ್ಸ್‌ನಲ್ಲಿ ಅದೇ ಇದೆ. ಶಿಬಿರ ಮುಗಿದ ಮೇಲೆ ಚಾರ್ಟ್ ಒಮ್ಮೆ ನೋಡುವ.”

“ಆಯ್ತ್ ಅಕ್ಕ.”

ಅವರು ಗೇಟಿನ ಹತ್ತಿರ ಹೋಗಿ ಚಿಲಕ ತೆಗೆಯಲು ಹೋದರು. ಕೈ ನಡುಗಿ ಚಿಲಕ ಜಾರಿತು. ಇನ್ನೊಮ್ಮೆ ಪ್ರಯತ್ನಿಸಿದರು. ಅಲ್ಲಿ ಸ್ವಲ್ಪ ಹೊತ್ತು ನಿಂತು ನಮ್ಮ ಕಡೆ ನೋಡಿದರು. ಆಮೇಲೆ ಹೋದರು.

“ಹೆಣೆ, ಆ ಹೆಂಗ್ಸಿಗೆ ಬೆವ್ರಿತ್ತ್, ಕಂಡ್ಯಾ?” ಎಂದರು ಅತ್ತೆ.

“ನಡೆದು ಬಂದದ್ದಲ್ಲವಾ,” ಎಂದೆ. ಒಳಗೆ ಹೋಗಿ ಉಳಿದ ಗಂಜಿ ಉಂಡೆ. ಪ್ರಸಾದವನ್ನು ಶೆಲ್ಫಿನ ಮೇಲಿಟ್ಟೆ.

ಹತ್ತೂಕಾಲು ಗಂಟೆಗೆ ಕ್ಲಿನಿಕ್‌ನ ಕೆಳಗೆ ರಿಕ್ಷಾ ನಿಂತಿತು. ಅವರ ಜೊತೆ ಕೆಲಸ ಮಾಡುವ ಪದ್ದು ಎಂಬವರು ಚಂದ್ರಾವತಿಯವರನ್ನು ಹೆಗಲಿಗೆ ಆನಿಸಿಕೊಂಡು ಮೆಟ್ಟಿಲು ಹತ್ತಿಸುತ್ತಿದ್ದರು. ಎಡಹುಬ್ಬಿನ ಮೇಲೆ ಒತ್ತಿ ಹಿಡಿದ ಟವೆಲು ಕೆಂಪಾಗಿತ್ತು.

“ಬಸ್ ಸ್ಟ್ಯಾಂಡಂಗೆ ಬಿದ್ದದ್ ಡಾಕ್ಟ್ರೆ! ಬಸ್ರೂರ್ ಬಸ್ ಹತ್ತುಕೆ ಕಾಲ್ ಎತ್ತಿದ್, ಹಾಂಗೇ ಹಿಂದೆ ಬಿತ್ತ್. ಕರೆದ್ರೆ ಎಂತೆಂತದೋ ಮಾತಾಡತ್ತ್. ನಮ್ಮ್ ಮಾವ್ನಿಗೆ ಹೀಂಗೇ ಆದದ್ ನಂಗ್ ಗೊತ್ತಿತ್ತ್, ಚಾ ಅಂಗ್ಡಿಯಂಗೆ ಸಕ್ರಿ ನೀರ್ ಮಾಡ್ಸಿ ಚೂರ್ ಚೂರೇ ಕುಡ್ಸ್ದೆ.”

ಪದ್ದು ಅವರಿಗೆ ಗೊತ್ತಿದ್ದದ್ದರಿಂದ ಜೀವ ಉಳಿಯಿತು. ಡಾಕ್ಟರು ರಕ್ತ ಪರೀಕ್ಷೆ ಮಾಡಿದರು, ಸಕ್ಕರೆ ಇನ್ನೂ ತೀರ ಕೆಳಗಿತ್ತು. ಗ್ಲೂಕೋಸ್ ಹಾಕಿದರು. ಹುಬ್ಬಿಗೆ ಮೂರು ಹೊಲಿಗೆ ಹಾಕುತ್ತ ನನ್ನನ್ನು ಕೇಳಿದರು:

“ಬೆಳಿಗ್ಗೆ ತಿಂದಿಲ್ವಾ ಇವರು? ವಿನಯಾ, ಇವರ ಪುಸ್ತಕ ನಿಮ್ಮ ಹತ್ರ ಇದೆಯಲ್ಲ?”

ಪುಸ್ತಕ ತಂದೆ. ಪುಟ ತಿರುಗಿಸಿದೆ. ಆ ದುಂಡಗಿನ ಅಕ್ಷರಗಳು ಸುಳ್ಳು ಎಂದು ಎರಡು ಗಂಟೆ ಮೊದಲೇ ನನಗೆ ಗೊತ್ತಾಗಿತ್ತು.

“ಪುಸ್ತಕದಲ್ಲಿ ಎಲ್ಲ ಸರಿ ಇದೆ ಸರ್,” ಎಂದೆ. “ಶನಿವಾರಗಳೂ ಸರಿ ಇವೆ.”

ಶನಿವಾರದ ಬಗ್ಗೆ ಯಾರೂ ಕೇಳಿರಲಿಲ್ಲ. ಡಾಕ್ಟರು ಗಮನಿಸಲಿಲ್ಲ. ಮಲಗಿದ್ದ ಚಂದ್ರಾವತಿಯವರು ಕಣ್ಣು ತೆರೆದು ನನ್ನನ್ನು ನೋಡಿದರು. ಆಮೇಲೆ ಡಾಕ್ಟರ ಕಡೆ ತಿರುಗಿ, “ನಂದೇ ತಪ್ಪ್ ಡಾಕ್ಟ್ರೆ. ಇವತ್ತ್ ತಿಂಬುಕೆ ಮರ್ತ್ ಹೋಯ್ತ್. ಅಕ್ಕ ಸಮಾ ಹೇಳಿರ್,” ಎಂದರು.

“ಗುಳಿಗೆ ತಗೊಂಡು ಹಾಗೇ ಇರಬಾರದು ಅಂತ ಎಷ್ಟು ಸಲ ಹೇಳೋದು ನಿಮಗೆ? ಬಸ್ಸಿನ ಚಕ್ರದ ಅಡಿಗೆ ಬಿದ್ದಿದ್ದರೆ?” ಡಾಕ್ಟರು ಗದರಿದರು. ಐವತ್ತು ವರ್ಷದ ಹೆಂಗಸು ಶಾಲೆಯ ಹುಡುಗಿಯ ಹಾಗೆ ಕಣ್ಣು ತಗ್ಗಿಸಿದರು. ಎಷ್ಟು ಸಲ ಎಂಬ ಮಾತೇ ಇಲ್ಲ, ಅವರಿಗೆ ಅದನ್ನು ಯಾರೂ ಒಮ್ಮೆಯೂ ಹೇಳಿರಲಿಲ್ಲ. ಹೇಳಬೇಕಾದವಳು ನಾನು. ನಾನು ಹತ್ತಿ, ಬ್ಯಾಂಡೇಜು ಎತ್ತಿ ಕೊಡುತ್ತ ನಿಂತಿದ್ದೆ.

ಮರುದಿನ ಬೆಳಿಗ್ಗೆ ಅತ್ತೆ ಗಂಜಿ ಬಡಿಸಿದರು. ಬಟ್ಟಲು ಬದಿಗೆ ಸರಿಸಿದೆ. ಹಿಂದಿನ ದಿನ ಆದದ್ದನ್ನು ಅತ್ತೆಗೆ ಹೇಳಿದ್ದೆ, ಪೂರ್ತಿಯಾಗಿ. ಅವರು ಬೈಯಲಿಲ್ಲ. ಬಟ್ಟಲನ್ನು ಮತ್ತೆ ನನ್ನ ಎದುರಿಗೆ ತಳ್ಳಿ, “ಉಣ್ಣ್. ಗಂಜಿ ಎಂತ ಮಾಡಿತ್ತ್ ನಿಂಗೆ?” ಎಂದರು. ಉಂಡು ಹೊರಟೆ.

ಶಿಬಿರ ನಡೆದ ಬಸ್ರೂರಿನ ಸಭಾಭವನದಲ್ಲಿ ನಲವತ್ತು ಹೆಂಗಸರಾದರೂ ಇದ್ದರು, ಹೆಚ್ಚಿನವರು ಕಾರ್ಖಾನೆಯವರು. ಚಂದ್ರಾವತಿಯವರು ಬರುವುದು ಬೇಡ, ಫೋಟೊ ತೋರಿಸಿದರೆ ಸಾಕು ಎಂದು ಡಾಕ್ಟರು ಹೇಳಿದ್ದರು. ಆದರೆ ಅವರು ಬಂದಿದ್ದರು. ಹುಬ್ಬಿನ ಮೇಲೆ ಬಿಳಿ ಪಟ್ಟಿ, ಹಸಿರು ಸೀರೆ. ಮೊದಲ ಸಾಲಿನಲ್ಲಿ ಪ್ರಣೀತಾಳ ಪಕ್ಕ ಕೂತಿದ್ದರು. ಅವರ ತಲೆಯ ಮೇಲೆ ಫ್ಲೆಕ್ಸಿನಲ್ಲಿ ಅವರೇ ನಗುತ್ತಿದ್ದರು.

ಮೈಕ್ ಹಿಡಿದು, ಬಾಯಿಪಾಠ ಮಾಡಿಕೊಂಡು ಬಂದ ಮೊದಲ ಪ್ರಶ್ನೆ ಕೇಳಿದೆ. “ಇವತ್ತು ಬೆಳಿಗ್ಗೆ ಯಾರು ಯಾರು ಏನೇನು ತಿಂದು ಬಂದಿರಿ?”

“ಚಪಾತಿ,” ಎಂದಿತು ಒಂದು ದನಿ.

“ಓಟ್ಸ್.”

“ರಾಗಿ ಅಂಬ್ಲಿ.”

“ನಾನ್ ಬರೀ ಚಾ.”

ಹೀಗೆ ಹಿಂದಿನ ಸಾಲಿನವರೆಗೂ ಹೋಯಿತು. ಬಸ್ರೂರಿನ ನಲವತ್ತು ಹೆಂಗಸರಲ್ಲಿ ಒಬ್ಬರೂ ಗಂಜಿ ಉಂಡಿರಲಿಲ್ಲ. ಎರಡನೆಯ ಸಾಲಿನಲ್ಲಿ ಓಟ್ಸ್ ಎಂದವರ ಬೆರಳ ತುದಿಯಲ್ಲಿ ಉಪ್ಪಿನಕಾಯಿಯ ಕೆಂಪು ಹಾಗೆಯೇ ಇತ್ತು. ಎಲ್ಲರೂ ನನ್ನ ಮುಖ ನೋಡಿ, ಸರಿಯಾಯಿತೇ ಎಂದು ಕಾಯುತ್ತಿದ್ದರು. ಚಂದ್ರಾವತಿಯವರು ಮೊದಲ ದಿನ ನಗು ನಿಲ್ಲಿಸಿ ನೋಡಿದ್ದೂ ಹೀಗೆಯೇ. ಆ ಪುಸ್ತಕವನ್ನು ಪ್ರಣೀತಾ ಒಬ್ಬಳೇ ಬರೆದದ್ದಲ್ಲ, ನನ್ನ ಮುಖವೂ ಸೇರಿ ಬರೆಸಿತ್ತು.

“ನಾನು ಗಂಜಿ ಉಂಡು ಬಂದೆ,” ಎಂದೆ.

ಯಾರೋ ಕಿಸಕ್ಕನೆ ನಕ್ಕರು.

“ಎಷ್ಟ್ ಸೌಟ್ ಅಕ್ಕಾ?” ಹಿಂದಿನಿಂದ ಕೇಳಿದವರು ಪದ್ದು.

“ಮೂರು.”

“ನೆಂಚ್ಕಂಬುಕೆ ಎಂತ?”

“ನಿನ್ನೆಯ ಚಟ್ಲಿ ಚಟ್ನಿ.”

ಇಡೀ ಭವನ ನಕ್ಕಿತು. ಓಟ್ಸಿನವರು ಬೆರಳು ಎತ್ತಿ ತೋರಿಸಿ, “ನಂದೂ ಗಂಜಿಯೇ, ಹೋಯ್ಲಿ!” ಎಂದರು. ಆ ನಗು ನನ್ನ ಮೈಗೆ ಬೆಚ್ಚಗೆ ತಾಗಿತು. ಅಲ್ಲಿಯೇ ನಿಲ್ಲಿಸಿಬಿಡಬಹುದಿತ್ತು. ಗಂಜಿ ಉಂಡದ್ದನ್ನು ಒಪ್ಪಿಕೊಂಡ ಒಳ್ಳೆಯವಳಾಗಿ ಮನೆಗೆ ಹೋಗಬಹುದಿತ್ತು. ಚಂದ್ರಾವತಿಯವರು ಮಾತ್ರ ನಗುತ್ತಿರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

“ಇನ್ನೊಂದು ಇದೆ,” ಎಂದೆ. ಮೈಕಿನಲ್ಲಿ ನನ್ನ ದನಿ ಬೇರೆ ಯಾರದೋ ಹಾಗೆ ಕೇಳಿಸಿತು. “ಚಂದ್ರಾವತಿಯವರು ನಿನ್ನೆ ತಿನ್ನಲು ಮರೆತದ್ದಲ್ಲ. ಅವರದ್ದು ಶನಿವಾರ ಒಪ್ಪತ್ತು. ನಾನು ನಾಲ್ಕು ತಿಂಗಳು ಅದನ್ನು ಕೇಳಲೇ ಇಲ್ಲ. ನಿನ್ನೆ ಬೆಳಿಗ್ಗೆ ನನಗೆ ಗೊತ್ತಾಯಿತು, ಅವರು ಬೀಳುವುದಕ್ಕಿಂತ ಮೊದಲು. ಗುಳಿಗೆ ತೆಗೆದುಕೊಂಡದ್ದೂ ಗೊತ್ತಾಯಿತು. ಕೈ ನಡುಗುವುದನ್ನು ನೋಡಿದೆ. ಏನೂ ಹೇಳದೆ ಕಳುಹಿಸಿದೆ.”

“ಎಂತಕೆ?” ಎಂದರು ಪದ್ದು. ತಮಾಷೆಯ ದನಿಯಲ್ಲ.

ಫ್ಲೆಕ್ಸ್ ತೋರಿಸಿದೆ. “ಇದಕ್ಕೆ.”

ಡಾಕ್ಟರು ಎದ್ದು ಬಂದು ನನ್ನ ಕೈಯಿಂದ ಮೈಕ್ ತೆಗೆದುಕೊಂಡು, ಹತ್ತು ನಿಮಿಷ ಚಾ ಕುಡಿಯೋಣ ಎಂದರು. ನನ್ನ ಹತ್ತಿರ ಬಗ್ಗಿ, “ಮಂಗಳವಾರ ಬನ್ನಿ, ಮಾತಾಡೋಣ,” ಎಂದು ಮಾತ್ರ ಹೇಳಿದರು. ಅದರ ಅರ್ಥ ಏನೂ ಆಗಬಹುದಿತ್ತು. ಹೆಂಗಸರು ಚಾ ಲೋಟ ಹಿಡಿದು ನನ್ನನ್ನು ದಾಟಿ ಹೋಗುವಾಗ ಸ್ವಲ್ಪ ಸುತ್ತಿ ಹೋದರು.

ಚಂದ್ರಾವತಿಯವರು ಭವನದ ಪಕ್ಕದ ಜಗಲಿಯಲ್ಲಿ ಒಬ್ಬರೇ ಕೂತಿದ್ದರು. ಹೋಗಿ ಎದುರು ನಿಂತೆ. ಕ್ಷಮಿಸಿ ಎಂದು ಹೇಳುವ ಮೊದಲೇ ಅವರು ಹೇಳಿದರು:

“ನಿಮ್ಮ್ ಹೊಟ್ಟೆಯಂಗಿಪ್ಪುದ್ ನೀವ್ ಖಾಲಿ ಮಾಡ್ಕಂಡ್ರಿ ಅಕ್ಕ. ನನ್ನ್ ಒಪ್ಪತ್ತಿನ ಕತೆ ಅಷ್ಟ್ ಜನದ ಎದ್ರ್ ಹೇಳುಕೆ ನನ್ ಹತ್ರ ಒಂದ್ ಮಾತ್ ಕೇಂಬುಕಾಗ್ದಾ? ಡಾಕ್ಟ್ರ್ ಎದ್ರ್ ನಾನ್ ಸುಳ್ಳಿ ಆದೆ. ನಿಮ್ಮನ್ನ್ ಕಾಪಾಡುಕೆ ಹೇಳಿದ್ ಸುಳ್ಳ್.”

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ತಪ್ಪು ಒಪ್ಪಿಕೊಳ್ಳುವುದರಲ್ಲೂ ನಾನು ಅವರನ್ನು ಕೇಳಿರಲಿಲ್ಲ.

“ಮತ್ತೊಂದ್ ಹೇಳ್ತೆ,” ಎಂದರು. ದನಿ ತಗ್ಗಿತ್ತು. “ಗೇಟಿನ ಹತ್ರ ನೀವ್ ನನ್ನ್ ಕೈ ಕಂಡ್ರಿ. ನೀವ್ ಕಂಡದ್ದ್ ನಾನೂ ಕಂಡೆ. ಎಂತಾರೂ ಹೇಳ್ತ್ರಿ ಅಂದ್ ಒಂಚೂರ್ ನಿಂತೆ. ನಿಮ್ಮಷ್ಟ್ ಓದ್ದವ್ರ್ ಸುಮ್ನಿದ್ರ್ ಅಂದ್ರೆ ಎಂತ ಆಪುದಿಲ್ಲೆ ಅಂದ್ಕಂಡ್ ಹೋದೆ.”

ಈ ಮಾತನ್ನು ನಾನು ಬರೆಯಬೇಕೋ ಬೇಡವೋ ಎಂದು ತುಂಬ ದಿನ ಯೋಚಿಸಿದೆ. ಅದನ್ನು ಬಿಟ್ಟರೆ ಉಳಿದದ್ದನ್ನು ಬರೆದು ಪ್ರಯೋಜನವಿಲ್ಲ.

ಪ್ರಣೀತಾ ಅಮ್ಮನಿಗೆ ಒಂದು ಬಾಳೆಹಣ್ಣು ತಂದು ಕೊಟ್ಟಳು. ನನ್ನನ್ನು ನೋಡದೆ ಹೋದಳು. ಚಂದ್ರಾವತಿಯವರು ಹಣ್ಣು ಸುಲಿದು ತಿಂದರು. ಸಿಪ್ಪೆಯನ್ನು ಮಡಚಿ ಪಕ್ಕಕ್ಕಿಟ್ಟರು. ಅಷ್ಟು ಹೊತ್ತೂ ನನಗೆ ಕೂತುಕೊಳ್ಳಿ ಎನ್ನಲಿಲ್ಲ, ಹೋಗಿ ಎಂದೂ ಹೇಳಲಿಲ್ಲ.

“ಸಕ್ರಿ ಇಳ್ದದ್ದ್ ಸುಳ್ಳಲ್ಲ ಅಲ್ದಾ?” ಎಂದು ಕೇಳಿದರು ಕೊನೆಗೆ.

“ಅಲ್ಲ. ನಿಜವಾಗಿ ಇಳಿದಿದೆ.”

“ಮತ್ತೆ ಏರುಕಾಗ. ಮಗ್ಳ್ ಓದ್ ಮುಗಿಯುಕೆ ಇನ್ನೂ ಎರಡ್ ವರ್ಷ ಇತ್ತ್. ಆದ್ರೆ ಆ ಓಟ್ಸ್ ನಾನ್ ಎರಡೇ ದಿನ ತಿಂದದ್ದ್. ಆಮೇಲ್ ದನಕ್ಕ್ ಹಾಕ್ದೆ, ದನವೂ ಮೂಸ್ಲಿಲ್ಲೆ. ಬೆಳಿಗ್ಗೆ ಗಂಜಿಯೂ ಇಲ್ಲೆ, ಅದೂ ಇಲ್ಲೆ. ಒಂದ್ ಚಾ, ಎರಡ್ ಬಿಸ್ಕುಟ್, ಹೋಪುದ್. ಹಾಂಗೆ ಎಷ್ಟ್ ದಿನ ಆತ್ತ್?”

ಚೀಲದಿಂದ ಪೆನ್ನು ತೆಗೆದೆ. ಕೈಗೆ ಸಿಕ್ಕಿದ್ದು ಹಂಚಲು ತಂದಿದ್ದ ಅದೇ ಅಚ್ಚಿನ ಹಾಳೆ. ಅದನ್ನು ತಿರುಗಿಸಿ, ಖಾಲಿ ಬೆನ್ನಿನ ಕಡೆ ಮಾಡಿ ತೊಡೆಯ ಮೇಲಿಟ್ಟುಕೊಂಡು ಜಗಲಿಯ ಕೆಳಗಿನ ಮೆಟ್ಟಿಲಲ್ಲಿ ಕೂತೆ.

“ಮೊದ್ಲ್ ಶನಿವಾರ ಬರೀರಿ,” ಎಂದರು ಚಂದ್ರಾವತಿ. “ಅದ್ ನಾನ್ ಬಿಡುದಿಲ್ಲೆ. ಅದ್ನ ಇಟ್ಕಂಡ್ ಬಾಕಿದ್ ಮಾಡಿ.”

ಶನಿವಾರ ಎಂದು ಬರೆದೆ. ಮುಂದೆ ‘ಒಪ್ಪತ್ತು’ ಎಂದು ಬರೆದೆ. ಡಾಕ್ಟರನ್ನು ಜಗಲಿಗೆ ಕರೆದುಕೊಂಡು ಬಂದೆ. ಅವರು ಚಂದ್ರಾವತಿಯವರ ಹತ್ತಿರವೇ ಕೇಳಿ ತಿಳಿದುಕೊಂಡು, ಇಷ್ಟು ತೂಕ ಇಳಿದ ಮೇಲೆ ಗುಳಿಗೆಯ ಪ್ರಮಾಣವನ್ನೇ ಕಡಿಮೆ ಮಾಡಬೇಕು, ಶನಿವಾರ ಮಧ್ಯಾಹ್ನದ ಊಟಕ್ಕೆ ಕೂತ ಮೇಲಷ್ಟೇ ಗುಳಿಗೆ, ಅದಕ್ಕೂ ಮೊದಲು ಬೇಡವೇ ಬೇಡ, ನಡುವೆ ಕೈ ನಡುಗಿದರೆ ಒಪ್ಪತ್ತು ಎಂದು ನೋಡದೆ ಸಕ್ಕರೆ ಬಾಯಿಗೆ ಹಾಕಬೇಕು ಎಂದರು. ಅಷ್ಟನ್ನೂ ಬರೆದೆ. ಬರೆದದ್ದನ್ನು ಓದಿ ಹೇಳಿದೆ. ಚಂದ್ರಾವತಿಯವರಿಂದ ಮರಳಿ ಹೇಳಿಸಿದೆ. ಕಾರ್ಖಾನೆಯಲ್ಲಿ ಎಷ್ಟು ಗಂಟೆಗೆ ಬಿಡುವು, ಬುತ್ತಿ ಎಷ್ಟು ದೊಡ್ಡದು, ಮನೆಗೆ ಮೀನು ವಾರದಲ್ಲಿ ಎಷ್ಟು ದಿನ, ಹೆಸರುಕಾಳು ಬೇಯಿಸುತ್ತೀರಾ, ಇವನ್ನೆಲ್ಲ ಅವತ್ತು ಮೊದಲ ಸಲ ಕೇಳಿದೆ. ನಾಲ್ಕು ತಿಂಗಳ ಹಿಂದೆ ಕೇಳಿದ್ದರೆ ಕಾಲು ಗಂಟೆ ಹಿಡಿಯುತ್ತಿತ್ತು.

“ಬೆಳಿಗ್ಗೆ ಗಂಜಿ,” ಎಂದೆ. “ಮೊದಲು ಎಷ್ಟು ಸೌಟು ಉಣ್ಣುತ್ತಿದ್ದಿರಿ?”

ಅವರು ನನ್ನ ಮುಖ ನೋಡಿದರು, ಯಾವ ಉತ್ತರ ಹೇಳಿದರೆ ಸರಿಯಾಗುತ್ತದೆ ಎಂದು ಅಲ್ಲಿ ಹುಡುಕುವವರಂತೆ. ಒಂದು ರಾತ್ರಿಯಲ್ಲಿ ಹೋಗುವ ಅಭ್ಯಾಸವಲ್ಲ ಅದು, ಕಲಿಸಿದವಳು ನಾನು. ನಾನು ತಲೆ ತಗ್ಗಿಸಿ ಹಾಳೆಯನ್ನೇ ನೋಡುತ್ತ ಕೂತೆ, ನನ್ನ ಮುಖದಲ್ಲಿ ಅವರಿಗೆ ಏನೂ ಸಿಗದ ಹಾಗೆ.

ಒಳಗೆ ಚಾ ಮುಗಿದು ಕುರ್ಚಿ ಎಳೆಯುವ ಸದ್ದು ಕೇಳುತ್ತಿತ್ತು.

“ಐದ್,” ಎಂದರು. ಆಮೇಲೆ, “ಮೀನ್ ಸಾರ್ ಇದ್ರೆ ಆರ್,” ಎಂದರು.

ನಾನು ಎರಡನ್ನೂ ಬರೆದುಕೊಂಡೆ.